ಬೈಕಿನ ಬೆನ್ನೇರಿದ ಕ್ಯಾಮೆರಾ

ರಸ್ತೆಯ ಮೇಲೆ ನಡೆಯುವ ಮೋಟಾರ್‌ಸೈಕಲ್ ರೇಸನ್ನು ಪೂರ್ತಿ ಕಣ್ಣಾರೆ ಕಂಡವರು ಯಾರೂ ಇಲ್ಲ. ಓಡಿಸುವವನಿಗೆ ಕಾಣುವುದು ಮುಂದಿನ ನೂರಿನ್ನೂರು ಗಜ. ಬೇಲಿಗೆ ಒರಗಿ ನಿಂತವನಿಗೆ ಒಂದೇ ತಿರುವು, ಅದೂ ಬೈಕೊಂದಕ್ಕೆ ಎರಡು ಸೆಕೆಂಡು. ಶಬ್ದ ಮೊದಲು ಬರುತ್ತದೆ, ಆಮೇಲೆ ಬಣ್ಣ, ಆಮೇಲೆ ಪೆಟ್ರೋಲ್ ವಾಸನೆ. ಗೆದ್ದವರು ಯಾರು ಎಂಬುದು ಮೈಕಿನಲ್ಲಿ ಕೂಗಿದಾಗಲೇ ಗೊತ್ತಾಗುವುದು.

ಐರ್ಲೆಂಡ್ ಮತ್ತು ಇಂಗ್ಲೆಂಡಿನ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ 1907ರಿಂದ ಟಿಟಿ ಎಂಬ ರೇಸ್ ನಡೆಯುತ್ತಿದೆ. 1911ರಲ್ಲಿ ಅದು ಈಗಿನ ಬೆಟ್ಟದ ಹಾದಿಗೆ ಬಂತು. ಒಂದು ಸುತ್ತಿಗೆ 60.72 ಕಿಲೋಮೀಟರ್. ಹೊಸದುರ್ಗದಲ್ಲಿ ಬಸ್ಸು ಹತ್ತಿ ಹೊಳಲ್ಕೆರೆ ಮೇಲೆ ಹಾದು ಚಿತ್ರದುರ್ಗದಲ್ಲಿ ಇಳಿಯುವಷ್ಟು ದೂರ, ಹೆಚ್ಚುಕಡಿಮೆ. ಇನ್ನೂರಕ್ಕೂ ಹೆಚ್ಚು ತಿರುವು, ನಡುವೆ ಊರು, ಚರ್ಚು, ಹೋಟೆಲು, ಕಲ್ಲಿನ ಗೋಡೆ. 2023ರಲ್ಲಿ ಪೀಟರ್ ಹಿಕ್‌ಮನ್ ಆ ದೂರವನ್ನು 16 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದ. ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಹತ್ತು ಸೆಕೆಂಡಿಗೊಬ್ಬನಂತೆ ಬಿಡುತ್ತಾರೆ, ಗಡಿಯಾರ ಗೆಲುವನ್ನು ತೀರ್ಮಾನಿಸುತ್ತದೆ. ಹಾಗಾಗಿ ಮುಂದೆ ಹೋಗುತ್ತಿರುವವನೇ ಮುಂದಿದ್ದಾನೆ ಎನ್ನುವಂತೆಯೂ ಇಲ್ಲ. ಜನ ಗೋಡೆಯ ಮೇಲೆ ಕೂತು ಕಿವಿಗೆ ರೇಡಿಯೊ ಹಿಡಿದು ಕಣ್ಣೆದುರಿನ ರೇಸನ್ನು ಅರ್ಥ ಮಾಡಿಕೊಳ್ಳುತ್ತಿದ್ದರು. 1964ರ ಜೂನಿನಲ್ಲಿ ದ್ವೀಪದ ಮ್ಯಾಂಕ್ಸ್ ರೇಡಿಯೊ ಶುರುವಾದದ್ದೇ ಟಿಟಿ ವಾರದ ಹೊತ್ತಿಗೆ.

ಟೆಲಿವಿಷನ್ನಿಗೆ ಇಂಥ ರೇಸ್ ಏಕೆ ದಕ್ಕಲಿಲ್ಲ ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಹೊಸದುರ್ಗದಿಂದ ಹಾಲುರಾಮೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಬೈಕ್ ರೇಸ್ ಇಟ್ಟರು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಾಲುರಾಮೇಶ್ವರದ ಭಕ್ತರಿಗೆ ಕಾಯುವ ಅಭ್ಯಾಸ ಇದೆ. ಬೇಡಿಕೊಂಡದ್ದಕ್ಕೆ ಗಂಗೆ ಏನು ಕೊಡುತ್ತಾಳೆ ಎಂದು ಕೊಳದ ನೀರನ್ನೇ ನೋಡುತ್ತ ಕೂರುವ ಜಾಗ ಅದು. ಟಿವಿ ನೋಡುವವನಿಗೆ ಆ ತಾಳ್ಮೆ ಇಲ್ಲ. ಅವನಿಗೆ ಮೊದಲಿಂದ ಕೊನೆವರೆಗೆ ಬೈಕು ಕಾಣಬೇಕು.

ಕ್ರಿಕೆಟ್ ಮೈದಾನವಾದರೆ ಸುಲಭ. ಸುತ್ತ ಎಂಟು ಹತ್ತು ಕ್ಯಾಮೆರಾ ಇಟ್ಟು, ಎಲ್ಲದರಿಂದ ಕೇಬಲ್ ಎಳೆದು, ಸ್ಟೇಡಿಯಂ ಹಿಂದೆ ನಿಂತು ಚಿತ್ರಗಳನ್ನು ಜೋಡಿಸಿ ಕಳಿಸುವ ಓಬಿ ವ್ಯಾನಿಗೆ ಸಿಕ್ಕಿಸಿದರೆ ಆಯಿತು. ರಸ್ತೆಗೆ ಆ ಲೆಕ್ಕ ನಡೆಯುವುದಿಲ್ಲ. ತಿರುವಿಗೊಂದು ಕ್ಯಾಮೆರಾ ಎಂದರೂ ಅಷ್ಟು ಕ್ಯಾಮೆರಾ ಎಲ್ಲಿಂದ ತರುವುದು, ಅಷ್ಟುದ್ದ ಕೇಬಲ್ ಯಾರು ಎಳೆಯುವುದು? ಕೇಬಲ್ ಬಿಟ್ಟು ಮೈಕ್ರೊವೇವಿನಲ್ಲಿ ಕಳಿಸೋಣ ಎಂದರೆ ಆ ಅಲೆಗೆ ನೇರ ನೋಟ ಬೇಕು. ಕಳಿಸುವ ಆಂಟೆನಾಕ್ಕೆ ಹಿಡಿಯುವ ಆಂಟೆನಾ ಕಾಣಿಸುತ್ತಿರಬೇಕು, ನಡುವೆ ಗುಡ್ಡ ಬಂದರೆ ಚಿತ್ರ ಹೋಯಿತು. ಹೊಸದುರ್ಗದ ಸುತ್ತಲ ಗುಡ್ಡಗಳು ಈಗ ತಲೆಯ ಮೇಲೆ ಗಾಳಿಯಂತ್ರ ಹೊತ್ತು ನಿಂತಿವೆ. ವಿದ್ಯುತ್ತಿಗೆ ಅನುಕೂಲವಾದ ಗುಡ್ಡ ಮೈಕ್ರೊವೇವಿಗೆ ಗೋಡೆ. ಅಡ್ಡ ಬರುವುದಷ್ಟೇ ಅಲ್ಲ, ಬಂಡೆಗೂ ಕಟ್ಟಡಕ್ಕೂ ಬಡಿದ ಅಲೆ ವಾಪಸು ಬರುತ್ತದೆ. ನೇರ ಬಂದದ್ದೂ ಬಡಿದು ಬಂದದ್ದೂ ಒಂದರ ಹಿಂದೊಂದು ತಲುಪಿ ಪರದೆಯ ಮೇಲೆ ಒಬ್ಬ ಸವಾರನ ಪಕ್ಕ ಅವನದೇ ನೆರಳೊಂದು ಓಡುತ್ತದೆ. ಮನೆ ಮೇಲೆ ಆಂಟೆನಾ ತಿರುಗಿಸುತ್ತ "ಬಂತೇನೋ?" ಎಂದು ಕೂಗಿದ ತಲೆಮಾರಿಗೆ ಈ ನೆರಳು ಗೊತ್ತು.

ಇದಕ್ಕೆ ಉತ್ತರ ಸಿಕ್ಕಿದ್ದು ಮೋಟಾರ್‌ಸೈಕಲ್ ರೇಸಿನಲ್ಲಿ ಅಲ್ಲ, ಸೈಕಲ್ ರೇಸಿನಲ್ಲಿ. ಫ್ರಾನ್ಸಿನ ಟೂರ್ ಡಿ ಫ್ರಾನ್ಸ್ ಊರಿಂದೂರಿಗೆ ಸಾಗುವ ಓಟ. ಅಲ್ಲಿನ ಟಿವಿಯವರು ಮೊದಲು ಕೊನೆಯ ಗೆರೆ ದಾಟುವುದನ್ನಷ್ಟೇ ನೇರವಾಗಿ ತೋರಿಸುತ್ತಿದ್ದರು. 1950ರ ದಶಕದ ಕೊನೆ, 60ರ ದಶಕದ ಮೊದಲ ವರ್ಷಗಳಲ್ಲಿ ಅವರು ಮಾಡಿದ ಏರ್ಪಾಡು ಇವತ್ತಿಗೂ ಮೂಲದಲ್ಲಿ ಹಾಗೇ ಇದೆ. ಸೈಕಲ್ಲಿನವರ ಪಕ್ಕದಲ್ಲೇ ಒಂದು ಮೋಟಾರ್‌ಸೈಕಲ್, ಅದರ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಹೊತ್ತವನು. ಬೈಕಿನಿಂದ ಹೊರಟ ಅಲೆ ಅಕ್ಕಪಕ್ಕ ಹೋಗದೆ ನೇರ ಮೇಲಕ್ಕೆ ಹೋಗುತ್ತದೆ, ಅಲ್ಲಿ ಹೆಲಿಕಾಪ್ಟರ್ ಹಿಡಿಯುತ್ತದೆ. ಹೆಲಿಕಾಪ್ಟರ್ ಅದನ್ನು ಇನ್ನೂ ಮೇಲೆ ಸುತ್ತುವ ವಿಮಾನಕ್ಕೋ ನೇರವಾಗಿ ಊರಿನಲ್ಲಿ ನಿಂತ ವ್ಯಾನಿಗೋ ದಾಟಿಸುತ್ತದೆ. ಗುಡ್ಡ ಅಡ್ಡ ಬರುತ್ತದೆ ಎಂದು ಗೋಳಾಡುವ ಬದಲು ಗೋಪುರವನ್ನೇ ಆಕಾಶಕ್ಕೆ ಎತ್ತಿ, ರೇಸಿನ ಜೊತೆಗೇ ಓಡಿಸಿದರು.

ನನಗೆ ಈ ಕತೆಯಲ್ಲಿ ತಮಾಷೆ ಅನಿಸುವುದು ಒಂದು ವಿಷಯ. ಮೋಟಾರ್‌ಸೈಕಲ್ ಟಿವಿಯೊಳಗೆ ಬಂದದ್ದು ತೋರಿಸಿಕೊಳ್ಳಲು ಅಲ್ಲ, ತೋರಿಸಲು. ಬೇರೆಯವರ ಓಟಕ್ಕೆ ಕ್ಯಾಮೆರಾ ಹೊತ್ತು ವರ್ಷಗಟ್ಟಲೆ ದುಡಿದ ಮೇಲೆ ಅದರ ಸ್ವಂತ ಓಟಕ್ಕೆ ಕ್ಯಾಮೆರಾ ಬಂತು. ತಡ ಯಾಕೆಂದರೆ, ಸೈಕಲ್ಲಿನ ಪಕ್ಕ ಬೈಕು ಓಡಬಲ್ಲದು, ಗಂಟೆಗೆ ಮುನ್ನೂರು ಕಿಲೋಮೀಟರ್ ಹೋಗುವ ಬೈಕಿನ ಪಕ್ಕ ಏನು ಓಡಬಲ್ಲದು? ಕ್ಯಾಮೆರಾ ರೇಸಿನ ಪಕ್ಕ ಹೋಗಲಾರದು, ರೇಸಿನೊಳಗೇ ಹೋಗಬೇಕು.

ಅದನ್ನು ಮಾಡಿದವರು ಆಸ್ಟ್ರೇಲಿಯಾದವರು. ನ್ಯೂ ಸೌತ್ ವೇಲ್ಸಿನ ಬಾಥರ್ಸ್ಟ್ ಊರಿನ ಬೆಟ್ಟದ ಸುತ್ತ ಸಾವಿರ ಕಿಲೋಮೀಟರಿನ ಕಾರ್ ರೇಸ್ ನಡೆಯುತ್ತದೆ. 1979ರಲ್ಲಿ ಸಿಡ್ನಿಯ ಎಟಿಎನ್-7 ಎಂಬ ಟಿವಿ ಸ್ಟೇಷನ್ನಿನ ಎಂಜಿನಿಯರುಗಳು ಪೀಟರ್ ವಿಲಿಯಮ್ಸನ್ ಎಂಬಾತನ ಟೊಯೊಟಾ ಸೆಲಿಕಾ ಕಾರಿನೊಳಗೆ ಕ್ಯಾಮೆರಾ ಕೂರಿಸಿದರು. ಚಿತ್ರ ಮೇಲಿನ ಹೆಲಿಕಾಪ್ಟರಿಗೆ, ಅಲ್ಲಿಂದ ನೆಲಕ್ಕೆ. ಅದಕ್ಕೆ ರೇಸ್‌ಕ್ಯಾಮ್ ಎಂದು ಹೆಸರಿಟ್ಟರು. ವಿಲಿಯಮ್ಸನ್ ಮಾತುಗಾರ. ಸ್ಟೀರಿಂಗ್ ತಿರುಗಿಸುತ್ತಲೇ ಕಾಮೆಂಟರಿಯವರ ಜೊತೆ ಹರಟೆ ಹೊಡೆದ. ಆ ವರ್ಷ ಪೀಟರ್ ಬ್ರಾಕ್ ಮತ್ತು ಜಿಮ್ ರಿಚರ್ಡ್ಸ್ ಜೋಡಿ ಆರು ಸುತ್ತುಗಳ ಅಂತರದಿಂದ ಗೆದ್ದಿತು. ಅಷ್ಟು ಏಕಪಕ್ಷೀಯ ರೇಸು ಮನೆಯಲ್ಲಿ ಕೂತವರಿಗೆ ಬೇಸರ ತರಿಸಬೇಕಿತ್ತು. ಆದರೆ ಹಿಂದೆ ಉಳಿದವನ ಕಾರಿನ ಒಳಗಿನಿಂದಲೂ ರೇಸ್ ನೋಡಬಹುದು ಎಂದು ಆವತ್ತು ಗೊತ್ತಾಯಿತು. ಎರಡೇ ವರ್ಷದಲ್ಲಿ ರೇಸ್‌ಕ್ಯಾಮ್ ಅಮೆರಿಕದ ಡೇಟೋನಾ ಸೇರಿತು.

ಸಿಡ್ನಿಯ ಸ್ಟೇಷನ್ನಿನವರ ಯಂತ್ರವನ್ನು ಅಮೆರಿಕದ ದೊಡ್ಡ ಟಿವಿ ಜಾಲ ಕರೆಸಿಕೊಂಡದ್ದು ಯಾಕೆ? ತನ್ನ ಹತ್ತಿರ ಅಂಥದು ಇರಲಿಲ್ಲ. ಕೆಲಸವನ್ನು ಹೊರಗಿನವರಿಗೆ ಕೊಡುವುದು ಅಲ್ಲಿ ಯಾರೂ ಕೂತು ಮಾಡಿದ ನೀತಿಯಾಗಿರಲಾರದು, ಗತಿಯಿಲ್ಲದೆ ಮಾಡಿದ್ದಿರಬೇಕು. ಓಡುವ ಗಾಡಿಯಿಂದ ಚಿತ್ರ ತೆಗೆಯುವುದು ಒಂದು ಪ್ರತ್ಯೇಕ ಕಸುಬಾಯಿತು. ವರ್ಷಕ್ಕೊಂದು ರೇಸ್ ತೋರಿಸುವ ಊರಿನ ಸ್ಟೇಷನ್ ಅದನ್ನು ಕಲಿತು ಸಾಕಲಾರದು. ವರ್ಷವಿಡೀ ರೇಸಿನಿಂದ ರೇಸಿಗೆ ಹೋಗುವ ತಂಡವೊಂದೇ ಸಾಕಬಲ್ಲದು.

ಕಾರಿನಿಂದ ಬೈಕಿಗೆ ಬರುವಾಗ ಎರಡು ತೊಡಕು. ಒಂದು ತೂಕ. ಕಾರಿನ ಡಿಕ್ಕಿಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟರೆ ಕಾರು ಗಮನಿಸುವುದಿಲ್ಲ. ನೂರೈವತ್ತು ಚಿಲ್ಲರೆ ಕಿಲೋ ತೂಗುವ ರೇಸ್ ಬೈಕಿಗೆ ಒಂದೊಂದು ನೂರು ಗ್ರಾಮೂ ಜಗಳಕ್ಕೆ ಬರುತ್ತದೆ. ಕ್ಯಾಮೆರಾ ಬೆರಳ ತುದಿಯಷ್ಟಾಗುವವರೆಗೆ, ಟ್ರಾನ್ಸ್‌ಮಿಟರ್ ಜೇಬಿಗೆ ಹಿಡಿಯುವವರೆಗೆ ಕಾಯಬೇಕಾಯಿತು. ಇನ್ನೊಂದು ತೊಡಕು ತೂಕಕ್ಕಿಂತ ಸ್ವಾರಸ್ಯದ್ದು. ತಿರುವಿನಲ್ಲಿ ಬೈಕು ಅರವತ್ತು ಡಿಗ್ರಿಗೂ ಹೆಚ್ಚು ವಾಲುತ್ತದೆ, ಸವಾರನ ಮೊಣಕೈ ರಸ್ತೆ ಸವರುತ್ತದೆ. ಬೈಕಿಗೇ ಬಿಗಿದ ಕ್ಯಾಮೆರಾ ಬೈಕಿನ ಜೊತೆ ತಾನೂ ವಾಲುತ್ತದೆ. ಪರದೆಯಲ್ಲಿ ಏನು ಕಾಣುತ್ತದೆ? ಬೈಕು ನೆಟ್ಟಗೆ, ಲೋಕ ಓರೆ! ನೋಡುವವನಿಗೆ ತಲೆ ಸುತ್ತುತ್ತದೆಯೇ ಹೊರತು ಸವಾರನ ಧೈರ್ಯ ಕಾಣುವುದಿಲ್ಲ. 2010ರ ಹೊತ್ತಿಗೆ ಮೋಟಾರ್‌ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋಜಿಪಿಯವರು ಗೈರೊಸ್ಕೋಪ್ ಸೇರಿಸಿದ ಕ್ಯಾಮೆರಾ ತಂದರು. ಬೈಕು ಎಷ್ಟು ವಾಲಿತೋ ಅಷ್ಟೇ ಕ್ಯಾಮೆರಾ ಎದುರು ದಿಕ್ಕಿಗೆ ತಿರುಗುತ್ತದೆ. ದಿಗಂತ ಮಟ್ಟಸವಾಗಿ ನಿಂತಿತು, ಬೈಕು ಅದರ ಎದುರು ನೆಲಕ್ಕೆ ಮಲಗಿತು. ಅಲ್ಲಿವರೆಗೆ ಸವಾರರ ಮೈಯಲ್ಲಿ ಮಾತ್ರ ಇದ್ದ ಅನುಭವ ಆವತ್ತು ಸೋಫಾ ಮೇಲೆ ಕೂತವರಿಗೂ ಕಾಣಿಸಿತು.

ಬಡಿದು ಬರುವ ಅಲೆಯ ಕಾಟಕ್ಕೂ ಈ ನಡುವೆ ಮದ್ದು ಸಿಕ್ಕಿತ್ತು. 1990ರ ದಶಕದಲ್ಲಿ ಬಂದ ಡಿಜಿಟಲ್ ಪದ್ಧತಿಯಲ್ಲಿ ಚಿತ್ರವನ್ನು ಒಂದೇ ವೇಗದ ಧಾರೆಯಾಗಿ ಕಳಿಸದೆ, ನೂರಾರು ಸಾವಿರಾರು ನಿಧಾನ ಧಾರೆಗಳಾಗಿ ಒಡೆದು ಅಕ್ಕಪಕ್ಕದ ತರಂಗಾಂತರಗಳಲ್ಲಿ ಕಳಿಸುತ್ತಾರೆ. ಪ್ರತಿ ಧಾರೆಯೂ ನಿಧಾನವಾದ್ದರಿಂದ ತಡವಾಗಿ ಬಂದ ಪ್ರತಿಧ್ವನಿ ಅದನ್ನು ಕೆಡಿಸುವುದಿಲ್ಲ. ಓಡುವ ಬೈಕಿನ ಚಿತ್ರ ಕಟ್ಟಡಗಳ ನಡುವೆಯೂ ನಿಂತಿತು.

ಇಲ್ಲಿವರೆಗಿನದು ಎಂಜಿನಿಯರುಗಳ ಕತೆ. ಇದರ ಜೊತೆಗೆ ಇನ್ನೊಂದು ಶೋಧ ಆಯಿತು. ಅದಕ್ಕೆ ಯಂತ್ರ ಬೇಕಾಗಿರಲಿಲ್ಲ, ಒಂದು ಪ್ರಶ್ನೆ ಬೇಕಾಗಿತ್ತು. ಆ ಪ್ರಶ್ನೆ ನಮ್ಮ ದೇಶಕ್ಕೆ ಬಂದದ್ದು ಕ್ರಿಕೆಟ್ಟಿನ ಮೂಲಕ. ಬೈಕಿನ ಕತೆಗೆ ಕ್ರಿಕೆಟ್ ಯಾಕೆ ಎನ್ನಬೇಡಿ, ಇಲ್ಲಿ ಎಲ್ಲ ಆಟದ ದಾರಿಯೂ ಅದರ ಮನೆ ಮುಂದೆಯೇ ಹಾದುಹೋಗುತ್ತದೆ.

1991ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ತಂಡ ಬಹಿಷ್ಕಾರ ಮುಗಿಸಿಕೊಂಡು ಮೊದಲು ಬಂದದ್ದು ಭಾರತಕ್ಕೆ. ಅವರ ಕ್ರಿಕೆಟ್ ಆಡಳಿತಗಾರ ಅಲಿ ಬಾಕರ್, ನಮ್ಮ ದೇಶದಲ್ಲಿ ಈ ಪಂದ್ಯ ತೋರಿಸಲು ನಿಮಗೆಷ್ಟು ಕೊಡಬೇಕು ಎಂದು ಇಲ್ಲಿಯ ಮಂಡಳಿಯನ್ನು ಕೇಳಿದರು. ಮಂಡಳಿಯವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ ಎಂದು ಆಗ ಅಲ್ಲಿದ್ದವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಲ್ಲಿವರೆಗೆ ದೂರದರ್ಶನ ಪಂದ್ಯ ತೋರಿಸುವುದು ಒಂದು ಉಪಕಾರ. ಅದಕ್ಕೆ ಹಣ ಕೇಳುತ್ತಿದ್ದದ್ದೇ ದೂರದರ್ಶನ. ಮೈದಾನ ನಮ್ಮದು, ಟಿಕೆಟ್ ನಮ್ಮದು ಎಂದು ಗೊತ್ತಿತ್ತು. ಚಿತ್ರವೂ ಒಂದು ಸರಕು, ಅದಕ್ಕೆ ಒಬ್ಬ ಒಡೆಯ ಇರುತ್ತಾನೆ ಎಂಬುದು ಹೊರಗಿನವನೊಬ್ಬ ಬೆಲೆ ಕೇಳಿದಾಗ ಹೊಳೆಯಿತು.

ಎರಡೇ ವರ್ಷದಲ್ಲಿ ಅದು ಜಗಳವಾಯಿತು. 1993ರ ನವೆಂಬರಿನಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ತನ್ನ ವಜ್ರ ಮಹೋತ್ಸವಕ್ಕೆಂದು ಹೀರೊ ಕಪ್ ಇಟ್ಟಿತು. ಪ್ರಾಯೋಜಕ ಹೀರೊ. ಬೈಕಿನ ಹೆಸರು ಹೇಗಾದರೂ ಬಂದೇ ಬರುತ್ತದೆ ನೋಡಿ. ಪ್ರಸಾರದ ಹಕ್ಕನ್ನು ಸಂಸ್ಥೆ ಟಿಡಬ್ಲ್ಯುಐ ಎಂಬ ವಿದೇಶಿ ನಿರ್ಮಾಣ ಕಂಪನಿಗೆ ಮಾರಿತು. ಕ್ಯಾಮೆರಾ ಅವರದು, ನಿರ್ದೇಶಕ ಅವರವನು. ದೂರದರ್ಶನ ಒಪ್ಪಲಿಲ್ಲ. ಈ ನೆಲದಲ್ಲಿ ಚಿತ್ರ ತೆಗೆಯುವವರು ನಾವು, ಬೇರೆಯವರು ತೆಗೆದ ಚಿತ್ರವನ್ನು ನಾವು ಪಡೆದು ತೋರಿಸುವುದಿಲ್ಲ ಎಂಬುದು ಅದರ ನಿಲುವು. ಸರ್ಕಾರದ ಕೈಯಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ಇತ್ತು. ಬ್ರಿಟಿಷರು ತಂತಿಗೆಂದು ಮಾಡಿದ ಕಾನೂನು ಈಗ ಕ್ಯಾಮೆರಾವನ್ನೂ ಹಿಡಿಯಿತು. ಟಿಡಬ್ಲ್ಯುಐ ತಂದ ಸಲಕರಣೆ ಮುಂಬೈಯ ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿತು. ಉಪಗ್ರಹಕ್ಕೆ ಚಿತ್ರ ಏರಿಸಬೇಕಾದರೂ ಸರ್ಕಾರಿ ಸಂಸ್ಥೆಯ ಬಾಗಿಲನ್ನೇ ತಟ್ಟಬೇಕಿತ್ತು. ದೇಶದ ಇನ್ಸಾಟ್ ಉಪಗ್ರಹಗಳನ್ನು ಹಗಲಿರುಳು ಕಾಯುವ ಕೇಂದ್ರ 1980ರ ದಶಕದ ಆರಂಭದಿಂದಲೂ ಇಲ್ಲೇ ನಮ್ಮ ಹಾಸನದಲ್ಲಿದೆ. ಆಕಾಶ ನಮ್ಮ ಪಕ್ಕದ ಊರಿನಲ್ಲೇ ಇತ್ತು, ಬೀಗದ ಕೈ ದೆಹಲಿಯಲ್ಲಿತ್ತು.

ಕಲ್ಕತ್ತಾ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಓಡಾಡಿ, ಮಧ್ಯಂತರ ಆದೇಶಗಳ ಬಲದಲ್ಲಿ ಪಂದ್ಯಗಳು ಪರದೆಗೆ ಬಂದವು. ನವೆಂಬರ್ 27ರಂದು ಈಡನ್ ಗಾರ್ಡನ್ಸಿನ ದೀಪದ ಬೆಳಕಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಮ್ಮ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ತೆಗೆದ. ಆ ವಯಸ್ಸಿನ ಯಾವ ಕನ್ನಡಿಗನನ್ನು ಕೇಳಿದರೂ ಆ ರಾತ್ರಿ ನೆನಪಿರುತ್ತದೆ. ಅದು ಯಾರ ಕ್ಯಾಮೆರಾ ಎಂದು ಕೇಳಿ, ಒಬ್ಬರಿಗೂ ನೆನಪಿರುವುದಿಲ್ಲ. ಜಗಳವೆಲ್ಲ ನಡೆದದ್ದು ಅದಕ್ಕಾಗಿಯೇ.

ತೀರ್ಪು ಬಂದದ್ದು 1995ರ ಫೆಬ್ರವರಿ 9ಕ್ಕೆ, ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್ ಮತ್ತು ಬಿ.ಪಿ. ಜೀವನ್ ರೆಡ್ಡಿ ಅವರ ಪೀಠದಿಂದ. ಆಕಾಶದ ಅಲೆಗಳು ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಯಾರ ಏಕಸ್ವಾಮ್ಯವೂ ಸಲ್ಲದು ಎಂದಿತು ಪೀಠ. ಇವತ್ತು ಯಾವ ಊರಿನ ಯಾವ ಆಟವನ್ನು ಯಾವ ಖಾಸಗಿ ತಂಡ ಶೂಟ್ ಮಾಡಿದರೂ ಅದರ ಬೇರು ಆ ತೀರ್ಪಿನಲ್ಲಿದೆ. ಅಲೆ ಸಾರ್ವಜನಿಕರದು ಎಂದ ಮೇಲೂ ಸಾರ್ವಜನಿಕರ ಕೈಗೆ ಬಂದದ್ದು ರಿಮೋಟ್ ಮಾತ್ರ ಎಂಬ ಗೊಣಗಾಟ ನನ್ನದು, ಇರಲಿ.

ಅದೇ ಹೊತ್ತಿನಲ್ಲಿ ಮೋಟಾರ್‌ಸೈಕಲ್ ರೇಸಿನ ಲೋಕದಲ್ಲೂ ಇದೇ ಪ್ರಶ್ನೆ ಇತ್ಯರ್ಥವಾಗುತ್ತಿತ್ತು. ವಿಶ್ವ ಚಾಂಪಿಯನ್‌ಷಿಪ್ ರೇಸುಗಳು ದೇಶದಿಂದ ದೇಶಕ್ಕೆ ಹೋದಾಗ ಆಯಾ ದೇಶದ ಟಿವಿಯವರು ತಮಗೆ ತಿಳಿದಂತೆ ತೋರಿಸುತ್ತಿದ್ದರು. ಒಂದು ಕಡೆ ಚೆನ್ನ, ಇನ್ನೊಂದು ಕಡೆ ಕ್ಯಾಮೆರಾದವನು ತಮ್ಮ ದೇಶದ ಹತ್ತನೇ ಸ್ಥಾನದ ಹುಡುಗನನ್ನೇ ಹಿಡಿದು ಕೂರುವುದು. 1992ರಲ್ಲಿ ಡೋರ್ನಾ ಎಂಬ ಸ್ಪೇನಿನ ಕಂಪನಿ ವಾಣಿಜ್ಯ ಮತ್ತು ಟಿವಿ ಹಕ್ಕುಗಳನ್ನು ಹಿಡಿಯಿತು. ಬರಬರುತ್ತ ಕ್ಯಾಮೆರಾ, ನಿರ್ದೇಶನ, ಗ್ರಾಫಿಕ್ಸು ಎಲ್ಲವೂ ಅದೇ ತಂಡದ ಕೈಗೆ ಬಂತು. ಊರು ಯಾವುದಾದರೂ ಚಿತ್ರ ಒಂದೇ. ಊರಿನವರು ಟ್ರ್ಯಾಕು ಕೊಡುತ್ತಾರೆ, ಬಿಸಿಲು ಕೊಡುತ್ತಾರೆ, ಜನರನ್ನು ಕೊಡುತ್ತಾರೆ. ಕಣ್ಣು ಮಾತ್ರ ಹೊರಗಿನಿಂದ ಬರುತ್ತದೆ.

2023ರ ಸೆಪ್ಟೆಂಬರ್ 22ರಿಂದ 24ರವರೆಗೆ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿಗೆ ಆ ಕಣ್ಣು ಬಂತು. ಭಾರತದ ಮೊದಲ ಮೋಟೋಜಿಪಿ. ಸೆಕೆ ಎಷ್ಟಿತ್ತೆಂದರೆ 24 ಸುತ್ತಿನ ರೇಸನ್ನು 21ಕ್ಕೆ ಇಳಿಸಿದರು. ಇಟಲಿಯ ಮಾರ್ಕೊ ಬೆಜೆಕ್ಕಿ ಗೆದ್ದ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಬೇರೆ. ಮೊದಲ ದಿನದ ಪ್ರಸಾರದಲ್ಲೇ ಪರದೆಯ ಮೇಲೆ ಬಂದ ಭಾರತದ ಭೂಪಟದಲ್ಲಿ ಜಮ್ಮು ಕಾಶ್ಮೀರವೂ ಲಡಾಖೂ ಇರಲಿಲ್ಲ. ಗಲಾಟೆಯಾಯಿತು, ಮೋಟೋಜಿಪಿ ಕ್ಷಮೆ ಕೇಳಿತು. ಯಾರೂ ಬೇಕೆಂದು ಮಾಡಿದ್ದಿರಲಾರದು. ಆದರೆ ಆ ಗ್ರಾಫಿಕ್ಸಿನ ಮೇಜಿನ ಮುಂದೆ ಇಲ್ಲಿಯ ಹೈಸ್ಕೂಲು ಓದಿದ ಒಬ್ಬ ಹುಡುಗ ಕೂತಿದ್ದರೆ, ಏಳನೇ ಕ್ಲಾಸಿನಲ್ಲಿ ಭೂಪಟ ತಪ್ಪು ಬರೆದು ಮೇಷ್ಟ್ರ ಕೈಲಿ ಏಟು ತಿಂದ ಯಾರಾದರೊಬ್ಬ, ಅದು ಪರದೆಗೆ ಹೋಗುತ್ತಿರಲಿಲ್ಲ. ಕೆಲಸವನ್ನು ಹೊರಗೆ ಕೊಡುವುದರಲ್ಲಿ ನನಗೆ ತಕರಾರಿಲ್ಲ. ಕೆಲಸದ ಜೊತೆಗೆ ಊರಿನ ತಿಳಿವಳಿಕೆಯೂ ಹೊರಗೆ ಹೋಗುತ್ತದೆ, ಅದಕ್ಕೆ ಯಾರೂ ಬಿಲ್ಲು ಹಾಕುವುದಿಲ್ಲ, ಅಷ್ಟೇ.

ಇದರ ಮಗ್ಗುಲಲ್ಲಿ ಇನ್ನೊಂದು ಮಾತೂ ಹೇಳಬೇಕು. ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರ ಡಾಕರ್ ರ‍್ಯಾಲಿಯಲ್ಲಿ 36ನೆಯವರಾಗಿ ಗುರಿ ಮುಟ್ಟಿದರು. ಅದನ್ನು ಮುಗಿಸಿದ ಮೊದಲ ಭಾರತೀಯ. ಅದು ನಡೆದದ್ದು ದಕ್ಷಿಣ ಅಮೆರಿಕದ ಮರಳುಗಾಡಿನಲ್ಲಿ, ನಡೆಸಿದ್ದು ಫ್ರಾನ್ಸಿನ ಎಎಸ್‌ಒ, ಟೂರ್ ಡಿ ಫ್ರಾನ್ಸ್ ನಡೆಸುವ ಅದೇ ಸಂಸ್ಥೆ. ಉಡುಪಿಯ ಕೆ.ಪಿ. ಅರವಿಂದ್ ಅದೇ ರ‍್ಯಾಲಿಯ ಮರಳಿನಲ್ಲಿ ಬೈಕು ಓಡಿಸಿದ್ದನ್ನು ನಾವು ನೋಡಿದ್ದೂ ಹೀಗೆಯೇ. ಕನ್ನಡದ ಯಾವ ಚಾನೆಲ್ಲೂ ಅಲ್ಲಿಗೆ ಹೆಲಿಕಾಪ್ಟರ್ ಕಳಿಸುತ್ತಿರಲಿಲ್ಲ. ಹೊರಗಿನ ಕಣ್ಣಿಲ್ಲದಿದ್ದರೆ ನಮ್ಮವರೇ ನಮಗೆ ಕಾಣುತ್ತಿರಲಿಲ್ಲ.

ಐಲ್ ಆಫ್ ಮ್ಯಾನ್‌ನವರು ಈ ಎರಡು ದಡದ ನಡುವೆ ಬಹಳ ಕಾಲ ಓಲಾಡಿದರು. 2009ರಿಂದ ನಾರ್ತ್ ಒನ್ ಎಂಬ ಇಂಗ್ಲೆಂಡಿನ ನಿರ್ಮಾಣ ಕಂಪನಿ ಟಿಟಿಯನ್ನು ಚಿತ್ರಿಸಿ, ಐಟಿವಿ4 ಚಾನೆಲ್ಲಿನಲ್ಲಿ ಅದೇ ರಾತ್ರಿ ಆಯ್ದ ಭಾಗಗಳನ್ನು ತೋರಿಸತೊಡಗಿತು. ಹೆಲಿಕಾಪ್ಟರ್ ಚಿತ್ರ, ಬೈಕಿನ ಮೇಲಿನ ಚಿತ್ರ, ಸವಾರರ ಮನೆಯ ಅಡುಗೆಕೋಣೆಯ ಮಾತು. ದ್ವೀಪದ ಹೊರಗೆ ಕೇಳಿಯೇ ಇರದವರಿಗೂ ಟಿಟಿಯ ಹುಚ್ಚು ಹಿಡಿಯಿತು. 2011ರಲ್ಲಿ ಗೈ ಮಾರ್ಟಿನ್ ಎಂಬ ಲಾರಿ ಮೆಕ್ಯಾನಿಕ್ ಸವಾರನ ಕುರಿತ ತ್ರೀಡಿ ಸಾಕ್ಷ್ಯಚಿತ್ರ ಚಿತ್ರಮಂದಿರಗಳಿಗೇ ಬಂತು. ಆದರೂ ನೇರ ಪ್ರಸಾರಕ್ಕೆ ಯಾರೂ ಕೈ ಹಾಕಲಿಲ್ಲ. ಗುಡ್ಡ, ಮಂಜು, ದೂರ ಎಲ್ಲ ಕಾರಣ ಹೌದು. ಮಂಜು ಇಳಿದು ಹೆಲಿಕಾಪ್ಟರ್ ಹಾರಲಾಗದಿದ್ದರೆ ರೇಸನ್ನೇ ನಿಲ್ಲಿಸುತ್ತಾರೆ, ಏಕೆಂದರೆ ಬಿದ್ದವರನ್ನು ಎತ್ತಿಕೊಂಡು ಹೋಗುವುದೂ ಹೆಲಿಕಾಪ್ಟರೇ. ಬಾಯಿಬಿಟ್ಟು ಹೇಳದ ಕಾರಣವೂ ಅಲ್ಲೇ ಇದೆ: ಆ ಹಾದಿಯಲ್ಲಿ 1911ರಿಂದ ಈಚೆಗೆ 260ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. ಆಯ್ದು ತೋರಿಸುವವನಿಗೆ ಕತ್ತರಿಸಲು ಸಮಯ ಇರುತ್ತದೆ. ನೇರ ತೋರಿಸುವವನು ಆ ಕ್ಷಣದಲ್ಲಿ ಕ್ಯಾಮೆರಾವನ್ನು ಎತ್ತ ತಿರುಗಿಸಬೇಕು? ಸವಾರನ ಮನೆಯವರೂ ನೋಡುತ್ತಿರುತ್ತಾರೆ. 2022ರಲ್ಲಿ ಕೊನೆಗೂ ಟಿಟಿ ತನ್ನದೇ ಅಂತರ್ಜಾಲ ವೇದಿಕೆ ಕಟ್ಟಿಕೊಂಡು ಎಲ್ಲ ರೇಸನ್ನೂ ನೇರವಾಗಿ ತೋರಿಸಿತು. ತಾವೇ ನಡೆಸುವ ರೇಸಿನ ನೇರ ಚಿತ್ರ ತಮ್ಮ ಅಂಗಳಕ್ಕೆ ಬರಲು ದ್ವೀಪದವರಿಗೆ 115 ವರ್ಷ ಹಿಡಿಯಿತು.

ನಮ್ಮ ಬಯಲುಸೀಮೆಯ, ಮಲೆನಾಡಿನ ಊರುಗಳಿಗೆ ಇದೆಲ್ಲ ಒಂದೇ ಏಟಿಗೆ ಬಂತು. 2006ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ಲೈವ್‌ಯು ಎಂಬ ಕಂಪನಿ ಒಂದು ಬೆನ್ನಚೀಲ ಮಾಡಿತು. ಒಳಗೆ ಹಲವು ಮೊಬೈಲ್ ಸಿಮ್‌ಗಳು. ಚಿತ್ರವನ್ನು ಚೂರು ಚೂರು ಮಾಡಿ, ಯಾವ ಸಿಮ್‌ನಲ್ಲಿ ಎಷ್ಟು ಜೀವ ಇದೆಯೋ ಅಷ್ಟನ್ನು ಅದರ ಮೇಲೆ ಹೊರಿಸಿ, ಆಚೆ ತುದಿಯಲ್ಲಿ ಮತ್ತೆ ಜೋಡಿಸುವುದು. ಹೆಲಿಕಾಪ್ಟರಿನ ಕೆಲಸ ಮೊಬೈಲ್ ಟವರಿಗೆ ಬಂತು. ಸುದ್ದಿ ಚಾನೆಲ್ಲುಗಳ ವರದಿಗಾರರ ಬೆನ್ನ ಮೇಲಿರುವುದು ಇಂಥದೇ ಚೀಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. 2019ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಎಂಬ ಕಂಪನಿ ನಾಲ್ಕು ಕ್ಯಾಮೆರಾ ಸೇರಿಸುವ ಸ್ವಿಚರನ್ನು ಊಟದ ಡಬ್ಬಿಯ ಗಾತ್ರಕ್ಕೆ ಇಳಿಸಿತು. ಮೆಲ್ಬರ್ನಿನ ಕಂಪನಿ. ಲ್ಯಾಪ್‌ಟಾಪಿನಲ್ಲೇ ಓಬಿ ವ್ಯಾನಿನ ಕೆಲಸ ಮಾಡುವ ವಿಮಿಕ್ಸ್ ಎಂಬ ಸಾಫ್ಟ್‌ವೇರ್ ಕೂಡ ಆಸ್ಟ್ರೇಲಿಯಾದ್ದೇ. ಬಾಥರ್ಸ್ಟ್ ಬೆಟ್ಟದ ದೇಶದವರು ನಲವತ್ತು ವರ್ಷದ ಮೇಲೆ ಹೊಸದುರ್ಗದ ಮದುವೆ ಮಂಟಪಕ್ಕೆ ಹೀಗೆ ಬಂದರು.

ಹೌದು, ಮದುವೆ ಮಂಟಪಕ್ಕೇ. ಕೊರೊನಾ ಕಾಲದಲ್ಲಿ ಮದುವೆಗೆ ಜನ ಸೇರುವಂತಿರಲಿಲ್ಲ, ಫೋಟೊಗ್ರಾಫರುಗಳು ಲೈವ್ ಕೊಡುವುದನ್ನು ಕಲಿತರು. ಕಲಿತ ಕೈ ಸುಮ್ಮನಿರಲಿಲ್ಲ. ಜಾತ್ರೆ, ತೇರು, ಕಬಡ್ಡಿ, ಗದ್ದೆಯಲ್ಲಿ ಮಣ್ಣು ಗುಡ್ಡೆ ಹಾಕಿ ನಡೆಸುವ ಡರ್ಟ್ ರೇಸು, ಎಲ್ಲಕ್ಕೂ ಈಗ ಅವರೇ. ಕಮಿಟಿಯವರು ಶಾಮಿಯಾನ, ಮೈಕ್‌ಸೆಟ್, ಜನರೇಟರ್ ಹೇಳುವಾಗಲೇ ಲೈವ್‌ನವರಿಗೂ ಹೇಳಿಬಿಡುತ್ತಾರೆ. ಮೂರು ಕ್ಯಾಮೆರಾ, ಒಂದು ಡ್ರೋನು, ಎಲ್‌ಇಡಿ ವಾಲು, ಎಲ್ಲ ಸೇರಿ ಒಂದು ಪ್ಯಾಕೇಜು. ಕರಾವಳಿಯ ಕಂಬಳದಲ್ಲಿ ಈ ಪದ್ಧತಿ ನಮಗಿಂತ ಬಹಳ ಮುಂದೆ ಹೋಗಿದೆ. ಹಗಲು ಶುರುವಾಗಿ ಮರುದಿನದವರೆಗೂ ನಡೆಯುವ ಕೋಣಗಳ ಓಟವನ್ನು ಅಲ್ಲಿಯ ಸ್ಥಳೀಯ ಚಾನೆಲ್ಲುಗಳು ಬಿಡದೆ ತೋರಿಸುತ್ತವೆ, ತುಳುವಿನ ಕಾಮೆಂಟರಿಯ ಸಮೇತ. ಕೋಣದ ಹೆಸರು, ಮನೆತನ, ಓಡಿಸುವವನ ಹಿಂದಿನ ಓಟ ಎಲ್ಲ ಮೈಕ್ ಹಿಡಿದವನ ಬಾಯಲ್ಲೇ ಇರುತ್ತದೆ. ದುಡ್ಡು ಕೊಟ್ಟು ಹೊರಗಿಂದ ತರಿಸಲಾಗದ್ದು ಅದೊಂದೇ.

ಡರ್ಟ್ ರೇಸಿನ ಲೈವಿನಲ್ಲಿ ಕೊರತೆ ಕಾಣುವುದೂ ಅಲ್ಲಿಯೇ. ಡ್ರೋನಿನ ಚಿತ್ರ ಚೆನ್ನಾಗಿರುತ್ತದೆ, ದೂಳು ಬಂಗಾರದ ಹಾಗೆ ಏಳುತ್ತದೆ. ಆದರೆ ಓಡಿಸುತ್ತಿರುವ ಹುಡುಗ ಯಾವ ಊರಿನವನು, ಆ ಬೈಕಿನ ಎಂಜಿನ್ ಯಾವ ಗ್ಯಾರೇಜಿನಲ್ಲಿ ಬಿಚ್ಚಿ ಕಟ್ಟಿದ್ದು, ಹೋದ ಸಲ ಬಿದ್ದು ಕೈ ಮುರಿದುಕೊಂಡವನು ಇವನೇನಾ, ಇದನ್ನು ಹೇಳುವವರಿಲ್ಲ. ಲೈವ್‌ನವನು ಬೆಳಿಗ್ಗೆ ಗೃಹಪ್ರವೇಶ ಮುಗಿಸಿ ಬಂದಿರುತ್ತಾನೆ, ಅವನನ್ನು ಕೇಳಿ ಪ್ರಯೋಜನವಿಲ್ಲ. ಗೊತ್ತಿರುವ ಮೆಕ್ಯಾನಿಕ್ಕು ಹಗ್ಗದ ಆಚೆ ಜನರ ನಡುವೆ ನಿಂತಿರುತ್ತಾನೆ, ಅವನ ಕೈಗೆ ಯಾರೂ ಮೈಕು ಕೊಡುವುದಿಲ್ಲ.

ಇನ್ನು ಅಲಿ ಬಾಕರ್ ಕೇಳಿದ ಪ್ರಶ್ನೆ. ನಮ್ಮ ಊರುಗಳ ಮಟ್ಟಕ್ಕೆ ಅದು ಇನ್ನೂ ಇಳಿದಿಲ್ಲ. ಲೈವ್ ಹೋಗುವುದು ಲೈವ್‌ನವನ ಸ್ವಂತ ಯೂಟ್ಯೂಬ್ ಚಾನೆಲ್ಲಿನಲ್ಲಿ, ನೋಡುಗರು ಅವನ ಲೆಕ್ಕಕ್ಕೆ. ರೇಸ್ ಮುಗಿದ ಮೇಲೆ ಮೂರು ಕ್ಯಾಮೆರಾದ ಪೂರ್ತಿ ಚಿತ್ರ ಅವನ ಹಾರ್ಡ್‌ಡಿಸ್ಕಿನಲ್ಲಿ. ಮುಂದಿನ ಮದುವೆಗೆ ಜಾಗ ಬೇಕಾದಾಗ ಅಳಿಸಿಹೋಗುತ್ತದೆ. ಕಮಿಟಿಯವರು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ ಧಾಟಿಯದು: "ಅಣ್ಣಾ, ಲಿಂಕ್ ಕಳ್ಸಿದೀನಲ್ಲ. ರಾ ಫೈಲ್ ಬೇಕಂದ್ರೆ ಡಿಸ್ಕ್ ನೀವೇ ತರ್ಬೇಕು, ಕಾಪಿ ಮಾಡೋಕೆ ಬೇರೆ ಚಾರ್ಜು." ಅವನ ತಪ್ಪೇನಿಲ್ಲ, ಮೊದಲು ಯಾರೂ ಕೇಳಿರಲಿಲ್ಲ.

ಕಾನೂನು ಮಾತ್ರ ಇದನ್ನು ಎಂದೋ ಯೋಚಿಸಿಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಒಬ್ಬರು ಹೇಳಿ ಮಾಡಿಸಿದ ಫೋಟೊ ಅಥವಾ ಚಲನಚಿತ್ರದ ಮೊದಲ ಒಡೆತನ ಮಾಡಿಸಿದವರದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಪ್ಯಾಕೇಜಿಗೆ ದುಡ್ಡು ಕೊಟ್ಟ ಕಮಿಟಿಗೆ. ಟಿಟಿಯವರು ಇಂಥ ಒಪ್ಪಂದಗಳಿಗೆ ವಕೀಲರನ್ನು ಕೂರಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಕೊಟೇಷನ್ ಹಾಳೆಯ ಕೆಳಗೆ, ಅಡ್ವಾನ್ಸ್ ಬರೆಯುವ ಜಾಗದ ಪಕ್ಕ, ಒಂದು ಸಾಲು ಸಾಕು: ಪೂರ್ತಿ ಫುಟೇಜು ಕಮಿಟಿಗೆ, ಲೈವು ಕಮಿಟಿಯ ಚಾನೆಲ್ಲಿನಲ್ಲಿ. ಆ ಸಾಲು ಬರೆದರೆ ಲೈವ್‌ನವನು ಎರಡು ಸಾವಿರ ಜಾಸ್ತಿ ಕೇಳಬಹುದು. ಕೊಡಿ. ಚಾನೆಲ್ಲಿನ ಪಾಸ್‌ವರ್ಡನ್ನು ಮಾತ್ರ ಅಧ್ಯಕ್ಷರ ಅಳಿಯನೊಬ್ಬನ ಫೋನಿನಲ್ಲಿ ಇಡಬೇಡಿ.